ಕ್ಯಾಸಿನೋದ ಊಟ: ಬಿಲ್ಲು ಬರುವುದು ಬೇರೆ ಮೇಜಿಗೆ

ಹೈದರಾಬಾದ್: ನಗರದ ಕನ್ನಡ ಸಂಘಗಳ ವಾರ್ಷಿಕ ಪ್ರವಾಸವೆಂದರೆ ಬಹುಕಾಲ ಮಂತ್ರಾಲಯ, ಶ್ರೀಶೈಲ, ಗಾಣಗಾಪುರ, ಹೆಚ್ಚೆಂದರೆ ಹಂಪಿ. ಬಸ್ಸಿನಲ್ಲಿ ಪುಳಿಯೋಗರೆಯ ಡಬ್ಬಿ, ಮಠದಲ್ಲಿ ಪ್ರಸಾದ, ಮರಳುವಾಗ ಅಂತ್ಯಾಕ್ಷರಿ. ಈಗ ಸಭೆಯಲ್ಲಿ ಪ್ರವಾಸದ ಮಾತು ಬಂತೆಂದರೆ ಹಿಂದಿನ ಸಾಲಿನ ಯುವಕರಿಂದ ‘ಗೋವಾ’ ಎಂಬ ಕೂಗು ಏಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಸಿಕಂದರಾಬಾದಿನಿಂದ ವಾಸ್ಕೋಗೆ ವಾರಕ್ಕೆರಡು ದಿನದ ನೇರ ರೈಲು ಆರಂಭವಾದ ಮೇಲೆ ಈ ಕೂಗಿಗೆ ಇನ್ನಷ್ಟು ಬಲ ಬಂದಿದೆ. ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಿರುವ ನಮ್ಮ ಕಾಚಿಗುಡದಲ್ಲೇ ಹತ್ತಿದರೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ ದಾಟಿಕೊಂಡು ಹೋಗುವ ಗಾಡಿ ಅದು. ಅರ್ಧ ದಾರಿ ತವರೂರೇ ಆದ್ದರಿಂದ ಹಿರಿಯರಿಗೂ ಬೇಡವೆನ್ನಲು ಮನಸ್ಸಾಗುವುದಿಲ್ಲ.

ಗೋವಾ ಎಂದ ಮೇಲೆ ಮಂಗೇಶಿ, ಶಾಂತಾದುರ್ಗೆಯರ ದರ್ಶನವೂ ಆದೀತು ಎಂದು ಹಿರಿಯರ ಲೆಕ್ಕ. ಯುವಕರ ಲೆಕ್ಕ ಬೇರೆ. ‘ಕ್ಯಾಸಿನೋ ನೋಡೋಣ, ಟಿಕೆಟ್ಟಿನಲ್ಲೇ ಊಟ ಬಂತು, ಎಷ್ಟು ಬೇಕಾದರೂ ತಿನ್ನಬಹುದು, ಆಡಲೇಬೇಕೆಂದೇನೂ ಇಲ್ಲ’ ಎಂಬುದು ಅವರ ವಾದ. ಕಳೆದ ಪ್ರವಾಸದಲ್ಲಿ ನಾವು ಕೆಲವು ಕುಟುಂಬದವರು ಈ ವಾದವನ್ನು ಪರೀಕ್ಷೆ ಮಾಡಿಯೇ ಬಂದೆವು.

ನಮ್ಮ ಊರಿನಲ್ಲಿ ಕ್ಯಾಸಿನೋ ಇಲ್ಲ. 1974ರ ಜೂಜು ಕಾಯ್ದೆ ಇಲ್ಲಿ ಜಾರಿಯಲ್ಲಿದೆ. 2017ರಲ್ಲಿ ತೆಲಂಗಾಣ ಸರ್ಕಾರ ಅದಕ್ಕೆ ತಿದ್ದುಪಡಿ ತಂದು ಆನ್‌ಲೈನ್ ರಮ್ಮಿಯನ್ನೂ ಬಂದ್ ಮಾಡಿತು. ಕರ್ನಾಟಕದಲ್ಲೂ ಕ್ಯಾಸಿನೋಗೆ ಅವಕಾಶವಿಲ್ಲ. ಗೋವಾದಲ್ಲಿ ಮಾತ್ರ 1976ರ ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಿದ್ದುಪಡಿ ತಂದು, ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ ಹಡಗುಗಳ ಮೇಲೆ ಮೇಜಿನ ಆಟಕ್ಕೂ ದಾರಿ ಮಾಡಿಕೊಟ್ಟರು. ಹಾಗಾಗಿ ಪಣಜಿಯ ಮಾಂಡವಿ ನದಿಯಲ್ಲಿ ಝಗಝಗಿಸುತ್ತಾ ನಿಂತ ಹಡಗುಗಳೇ ಹೈದರಾಬಾದಿನವರಿಗೆ ಸಮೀಪದ ಜೂಜುಕಟ್ಟೆ.

ದಡದಿಂದ ಸಣ್ಣ ದೋಣಿಯಲ್ಲಿ ಹಡಗಿಗೆ ಕರೆದೊಯ್ಯುತ್ತಾರೆ. ಪ್ರವೇಶ ದರ ತಲಾ ಎರಡು-ಮೂರು ಸಾವಿರದಿಂದ ಶುರು. ಶನಿವಾರ, ಭಾನುವಾರ ಇನ್ನೂ ಹೆಚ್ಚು. ಇದರಲ್ಲಿ ಊಟ, ಪಾನೀಯ, ಹಾಡು-ಕುಣಿತ ಎಲ್ಲವೂ ಸೇರಿದೆ. ಜತೆಗೆ ಒಂದಿಷ್ಟು ಚಿಪ್ಸ್ ಕೊಡುತ್ತಾರೆ. ತಿನ್ನುವ ಚಿಪ್ಸ್ ಅಲ್ಲ, ಆಟದ ಬಿಲ್ಲೆ! ಅದನ್ನು ಕೌಂಟರಿನಲ್ಲಿ ಕೊಟ್ಟು ನಗದು ಮಾಡಿಕೊಳ್ಳುವಂತಿಲ್ಲ, ಆಡಿಯೇ ತೀರಿಸಬೇಕು. ‘ಆಡಲೇಬೇಕೆಂದೇನೂ ಇಲ್ಲ’ ಎಂದವರ ಕೈಗೂ ಹೀಗೆ ಬಾಗಿಲಲ್ಲೇ ಆಟದ ರುಚಿ ಹತ್ತಿಸುವ ಏರ್ಪಾಡು.

ಊಟದ ವಿಷಯದಲ್ಲಿ ಕೊಂಕು ತೆಗೆಯುವಂತಿರಲಿಲ್ಲ. ಸಸ್ಯಾಹಾರದ ಸಾಲು ಬೇರೆಯೇ ಇತ್ತು. ಪನೀರು, ದಾಲ್, ತಂದೂರಿ ರೊಟ್ಟಿ, ನೂಡಲ್ಸ್, ಕೊಚ್ಚಿಟ್ಟ ಹಣ್ಣು, ಏಳೆಂಟು ಬಗೆಯ ಸಿಹಿ. ಆಚೆ ಸಾಲಿನಲ್ಲಿ ಗೋವಾದ ಮೀನು ಸಾರು, ಕೋಳಿ. ಜೋಳದ ರೊಟ್ಟಿ ಇರಲಿಲ್ಲ ಎಂಬುದು ನಮ್ಮ ಗುಂಪಿನ ಕಲಬುರಗಿಯವರ ಏಕೈಕ ದೂರು. ಬಡಿಸುತ್ತಿದ್ದ ಹುಡುಗನೊಬ್ಬ ನಮ್ಮ ಕನ್ನಡ ಕೇಳಿ ತಾನಾಗಿಯೇ ಹತ್ತಿರ ಬಂದ. ಹಾವೇರಿ ಕಡೆಯವನಂತೆ. ‘ಅವ್ವಾರ, ಇನ್ನೊಂದೀಟು ಮೊಸರನ್ನ ಹಾಕ್ಲೇನ್ರಿ?’ ಎಂದು ನಮ್ಮ ಹಿರಿಯರೊಬ್ಬರನ್ನು ಅವನು ಕೇಳಿದ ರೀತಿಗೆ ಅವರ ಕಣ್ಣು ತುಂಬಿತು. ‘ನೀ ಉಂಡೀಯೇನಪ್ಪಾ?’ ಎಂದರೆ, ‘ನಮ್ದು ಬ್ಯಾರೆ ಐತ್ರಿ, ಪಾಳಿ ಮುಗಿದ ಮ್ಯಾಲ’ ಎಂದ. ಗೋವಾದಲ್ಲಿ ಎಲ್ಲಿ ಹೋದರೂ ದುಡಿಯುವವರ ನಡುವೆ ಕನ್ನಡ ಕಿವಿಗೆ ಬೀಳುತ್ತದೆ, ಹಡಗಿನಲ್ಲೂ ಅಷ್ಟೇ.

ಹೀಗೆ ತಿಂದಷ್ಟೂ ಬಡಿಸಿ ಅವರಿಗೆ ಗಿಟ್ಟುವುದು ಹೇಗೆ? ಇದು ಅಮೆರಿಕದವರು ಕಂಡುಕೊಂಡ ಹಳೆಯ ಉಪಾಯ. ಲಾಸ್ ವೇಗಸ್‌ನ ಇಂದಿನ ಪ್ರಸಿದ್ಧ ರಸ್ತೆಯಲ್ಲಿ ಮೊದಲು ಎದ್ದ ಕ್ಯಾಸಿನೋ ಹೋಟೆಲು 1941ರ ಎಲ್ ರಾಂಚೊ ವೇಗಸ್. ಒಂದು ಡಾಲರಿಗೆ ಹೊಟ್ಟೆತುಂಬ ತಿನ್ನುವ ಬಫೆಯನ್ನು ನಲವತ್ತರ ದಶಕದಲ್ಲಿ ಅಲ್ಲಿಯೇ ಆರಂಭಿಸಿದರೆಂದು ಹೇಳುತ್ತಾರೆ. ಹಸಿದವನು ಊಟಕ್ಕೆಂದು ಹೊರಗೆ ಹೋದರೆ ತಿರುಗಿ ಬರುತ್ತಾನೆಂಬ ಖಾತ್ರಿಯಿಲ್ಲ. ಒಳಗೇ ಉಣ್ಣಿಸಿದರೆ ಎದ್ದು ಮತ್ತೆ ಆಟದ ಮೇಜಿಗೇ ಹೋಗುತ್ತಾನೆ. ಊಟದಲ್ಲಿ ನಷ್ಟವಾದರೂ ಆಟದಲ್ಲಿ ಬಂದೇ ಬರುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮವರು ಈಗ ಅಲ್ಲಿ ಅಗ್ಗದ ಬಫೆ ಹುಡುಕಿದರೆ ನಿರಾಸೆಯೇ. 2020ರ ಕೋವಿಡ್ ಕಾಲದಲ್ಲಿ ಮುಚ್ಚಿದ ಹಲವು ಬಫೆಗಳು ಮತ್ತೆ ತೆರೆಯಲಿಲ್ಲ, ಉಳಿದ ದೊಡ್ಡವು ದುಬಾರಿ. ಮಾಂಡವಿಯಲ್ಲಂತೂ ಸುತ್ತಲೂ ನೀರು. ದೋಣಿ ಬರುವ ತನಕ ಬೇಸರ ಬಂದರೂ ಕಾಲ ಕಳೆಯುವುದೆಲ್ಲಿ?

ಸ್ವಲ್ಪ ಲೆಕ್ಕ ಹಾಕೋಣ. ರೂಲೆಟ್ ಎಂಬ ತಿರುಗುವ ಚಕ್ರದಲ್ಲಿ, ಒಂದೇ ಸೊನ್ನೆಯ ಚಕ್ರವಾದರೆ, 37 ಮನೆಗಳು: 18 ಕೆಂಪು, 18 ಕಪ್ಪು, ಒಂದು ಸೊನ್ನೆ. ಕೆಂಪಿಗೆ ಸಾವಿರ ರೂಪಾಯಿ ಕಟ್ಟಿ ಗೆದ್ದರೆ ಮೇಲೊಂದು ಸಾವಿರ. ಸಮಸಮ ಎಂದು ಕಾಣುತ್ತದೆ. ಆದರೆ ಆ ಒಂದು ಸೊನ್ನೆಯಿಂದಾಗಿ ಕಟ್ಟಿದ ಪ್ರತಿ ಸಾವಿರದಲ್ಲಿ ಸರಾಸರಿ 27 ರೂಪಾಯಿ ಮಾಲೀಕರಿಗೆ ಉಳಿಯುತ್ತದೆ. ಗಂಟೆಗೆ ಮೂವತ್ತು ಸುತ್ತು ಎಂದುಕೊಂಡರೆ ಒಬ್ಬ ಆಟಗಾರನಿಂದ ಗಂಟೆಗೆ 810 ರೂಪಾಯಿ. ಒಬ್ಬರು ಗೆಲ್ಲಬಹುದು, ಒಬ್ಬರು ಸೋಲಬಹುದು. ಮನೆಗೆ ಬರುವುದು ಸರಾಸರಿಯೇ. ಊಟದ ನೆಪದಲ್ಲಿ ಮೂರು ತಾಸು ಹೆಚ್ಚು ಕೂರಿಸಿಕೊಂಡರೆ ಬಡಿಸಿದ್ದೆಲ್ಲ ವಸೂಲಾಗಿ ಮೇಲೂ ಉಳಿಯಿತು. ಸರ್ಕಾರದ ಪಾಲು ಬೇರೆ. ಆಟದ ಬಿಲ್ಲೆ ಕೊಳ್ಳುವ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ. 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40.

ನಮ್ಮ ಊರಿನ ದೊಡ್ಡ ಹೋಟೆಲುಗಳ ಭಾನುವಾರದ ಬಫೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಅಲ್ಲಿ ಊಟವೇ ಸರಕು, ಆದ್ದರಿಂದ ಬಿಲ್ಲು ನೋಡಿ ಹೌಹಾರುತ್ತೇವೆ. 2010ರಿಂದ ತಾಜ್ ಹೋಟೆಲಾಗಿರುವ ಫಲಕ್‌ನುಮಾ ಅರಮನೆಯಲ್ಲಿ 101 ಮಂದಿ ಒಟ್ಟಿಗೆ ಕೂರುವ ಊಟದ ಮೇಜಿದೆ. (ಬೀದರ್, ಕಲಬುರಗಿ, ರಾಯಚೂರುಗಳೂ ನಿಜಾಮರ ರಾಜ್ಯದಲ್ಲಿದ್ದುದರಿಂದ ಆ ಮೇಜಿನ ವೈಭವದಲ್ಲಿ ನಮ್ಮ ಅಜ್ಜಂದಿರ ಕಂದಾಯವೂ ಇದೆ ಎಂದು ಹಿರಿಯರೊಬ್ಬರು ತಮಾಷೆ ಮಾಡುವುದುಂಟು.) ಅಲ್ಲಿ ಉಂಡವರು ದುಬಾರಿಯಾಯಿತು ಎಂದಾರು, ಎಷ್ಟು ಹೋಯಿತೆಂಬುದು ಮಾತ್ರ ಎದ್ದು ಬರುವಾಗಲೇ ಗೊತ್ತಿರುತ್ತದೆ.

ಹಡಗಿನಲ್ಲಿ ಹಾಗಲ್ಲ. ನಮ್ಮೊಡನೆ ಬಂದಿದ್ದ ಯುವಕನೊಬ್ಬ, ಗಚ್ಚಿಬೌಲಿಯ ಸಾಫ್ಟ್‌ವೇರ್ ಕೆಲಸದವನು, ‘ಅಕ್ಕಾ, ನೀವು ಶುರು ಮಾಡಿರಿ, ಐದು ನಿಮಿಷ’ ಎಂದು ಹೋದ. ಹೆಂಡತಿ ಅವನಿಗೆಂದು ತಟ್ಟೆಯಲ್ಲಿ ಬಡಿಸಿಟ್ಟುಕೊಂಡು ಕಾದಳು. ಎರಡು ದೋಣಿಗಳು ಹೋದವು. ಬಡಿಸಿದ್ದು ಆರಿತು. ಅವನು ಬಂದಾಗ ಮನೆ ಸಾಲದ ಕಂತಿನಷ್ಟು ಹೋಗಿತ್ತು ಎಂದು ಆಮೇಲೆ ರೈಲಿನಲ್ಲಿ ಗೊತ್ತಾಯಿತು. ಆ ಹೆಣ್ಣುಮಗಳು ಧಾರವಾಡ ಬರುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಪಕ್ಕದಲ್ಲಿದ್ದ ನಾವು ಏನು ಹೇಳಬೇಕಿತ್ತು?

ಇನ್ನೊಂದು ಸಂಗತಿಯನ್ನು ಸಂಘದ ಬಾಂಧವರು ಗಮನಿಸಬೇಕು. 2020ರ ಫೆಬ್ರವರಿ 1ರಿಂದ ಗೋವಾದ ನಿವಾಸಿಗಳು ಅಲ್ಲಿನ ಕ್ಯಾಸಿನೋಗಳಲ್ಲಿ ಆಡುವುದನ್ನು ಆ ಸರ್ಕಾರವೇ ನಿಷೇಧಿಸಿದೆ. ಪರವೂರಿನವರಿಗೆ ತಡೆಯಿಲ್ಲ. ತನ್ನ ಮಕ್ಕಳಿಗೆ ಬೇಡವೆಂದು ತೆಗೆದಿಟ್ಟದ್ದನ್ನು ನೆಂಟರಿಗೆ ಬಡಿಸುವ ಮನೆಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಈ ಬಾರಿಯ ಪ್ರವಾಸದ ಸಭೆಯಲ್ಲಿ ಇದರ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಪೂರ್ತಿ ಬೇಡವೆಂದರೆ ಯುವಕರು ಪ್ರವಾಸಕ್ಕೇ ಬರುವುದಿಲ್ಲ ಎಂಬ ಭಯ ಒಂದು ಕಡೆ. ಸಂಘದ ಹೆಸರಿನಲ್ಲಿ ಜೂಜುಕಟ್ಟೆಗೆ ಟಿಕೆಟ್ಟೇ ಎಂಬ ಆಕ್ಷೇಪ ಇನ್ನೊಂದು ಕಡೆ. ಕೊನೆಗೆ ಉಳಿದ ಒಪ್ಪಂದ ಇಷ್ಟು: ಸಂಘದ ಹಣದಲ್ಲಿ ಕ್ಯಾಸಿನೋ ಇಲ್ಲ. ಸ್ವಂತ ಖರ್ಚಿನಲ್ಲಿ ಹೋಗುವವರು ಎಟಿಎಂ ಕಾರ್ಡುಗಳನ್ನು ಮನೆಯವರ ಕೈಗೆ ಕೊಟ್ಟು, ಫೋನಿನಲ್ಲಿ ಹಣ ಕಳಿಸುವ ಸೌಲಭ್ಯ ಮುಚ್ಚಿ, ಕೈಯಲ್ಲಿ ಗೊತ್ತಾದ ಮೊತ್ತ ಇಟ್ಟುಕೊಂಡು ಹೋಗತಕ್ಕದ್ದು. ಮೊದಲು ಊಟ, ರಾತ್ರಿ ಹತ್ತರ ದೋಣಿಗೆ ಎಲ್ಲರೂ ದಡದಲ್ಲಿ ಹಾಜರು. ಉಳಿದವರಿಗೆ ಅದೇ ಸಂಜೆ ಪಣಜಿಯಲ್ಲಿ ಒಟ್ಟಾಗಿ ಊಟದ ವ್ಯವಸ್ಥೆ.

ಹೋಗುವವರು ಗುರುತಿನ ಚೀಟಿ ಮರೆಯಬಾರದು. 21 ವರ್ಷ ತುಂಬದವರಿಗೆ ಆಟದ ಅಂಗಣಕ್ಕೆ ಪ್ರವೇಶವಿಲ್ಲ. ಚಡ್ಡಿ, ಹವಾಯಿ ಚಪ್ಪಲಿ ಧರಿಸಿದ ಗಂಡಸರನ್ನು ಬಹುತೇಕ ಕಡೆ ಬಾಗಿಲಲ್ಲೇ ತಡೆಯುತ್ತಾರೆ. ಪಂಚೆ ಉಡುವ ಹಿರಿಯರು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.