ಭಯಂಕರ ಮಳೆ, ಭಯಂಕರ ಉಪ್ಪಿಟ್ಟು

ನಮ್ಮ ವಾಚನಾಲಯದ ಬಾಗಿಲ ಬಳಿ ಒಂದು ಉದ್ದನೆಯ ಬೆಂಚು ಇದೆಯಷ್ಟೆ. ಒಳಗಿನ ಮೇಜುಗಳ ಸುತ್ತ ಮೌನವು ಕಡ್ಡಾಯ. ಪತ್ರಿಕೆಗಳಿಗಾಗಿ ಕಾದಿರುವವರು ಈ ಬೆಂಚಿನ ಮೇಲೆ ಕುಳಿತು ಮಾತನಾಡಬಹುದು. ಕಳೆದ ಮಳೆಗಾಲದ ಒಂದು ಸಂಜೆ ನಾವೂ ಅಲ್ಲಿ ಅರ್ಧ ಗಂಟೆ ಕುಳಿತು, ಕಿವಿಗೆ ಬಿದ್ದ ಮಾತುಗಳಲ್ಲಿ ಕೆಲವನ್ನು ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಗುರುತು ಹಾಕಿಕೊಂಡೆವು. ಇದು ಸಭ್ಯರ ಲಕ್ಷಣವಲ್ಲವೆಂದು ನಮಗೂ ಗೊತ್ತು, ವಾಚಕರು ಕ್ಷಮಿಸಬೇಕು. ಲೋಕಲ್ ಗಾಡಿಯಲ್ಲಿ ಭಯಂಕರ ಗರ್ದಿ. ಹೊರಗೆ ಭಯಂಕರ ಮಳೆ. ಒಬ್ಬರಿಗೆ ಭಯಂಕರ ತಲೆನೋವು. ಇನ್ನೊಬ್ಬರ ಮನೆಯಲ್ಲಿ ಆ ಬೆಳಿಗ್ಗೆ ಮಾಡಿದ್ದ ಉಪ್ಪಿಟ್ಟು ಭಯಂಕರ ರುಚಿ. ಹೊಸ ಚಲನಚಿತ್ರವೊಂದು ಘೋರ, ಆದರೆ ಅದರ ಹಾಡುಗಳು ಅದ್ಭುತ. ಮೂರು ಮಹಡಿ ಹತ್ತಿ ಬಂದವರೊಬ್ಬರು ‘ಸತ್ತೇ ಹೋದೆ’ ಎಂದು ಕುಸಿದು ಕುಳಿತರು. ಚಹಾ ಬಂದೊಡನೆ ಬದುಕಿಕೊಂಡರು.

ಗಟ್ಟಿಯಾದ ಮಾತುಗಳನ್ನು ನಾವು ದಿನಬಳಕೆಯಲ್ಲಿ ಮಿತಿಮೀರಿ ಖರ್ಚು ಮಾಡುತ್ತಿದ್ದೇವೆಯೆ? ಈ ಪ್ರಶ್ನೆಯನ್ನು ಯಾರ ಮುಂದೆ ಎತ್ತಿದರೂ ‘ಈಗಿನ ಹುಡುಗರು ಭಾಷೆಯನ್ನು ಕೆಡಿಸಿಬಿಟ್ಟರು’ ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಆ ಉತ್ತರಕ್ಕೆ ನಮ್ಮ ಒಪ್ಪಿಗೆಯಿಲ್ಲ. ಆ ಸಂಜೆ ಬೆಂಚಿನ ಮೇಲಿದ್ದವರಲ್ಲಿ ಬಹುಮಂದಿಯ ತಲೆಗೂದಲು ನಮ್ಮದರಂತೆಯೇ ಬೆಳ್ಳಗಾಗಿತ್ತು. ಅದೂ ಅಲ್ಲದೆ, ಮಾತುಗಳು ಸವೆಯುವುದು ಇಂದು ನಿನ್ನೆಯ ಸಂಗತಿಯೇನೂ ಅಲ್ಲ.

ನಾವು ನಿಸ್ಸಂಕೋಚವಾಗಿ ಬಳಸುವ ‘ಬಹಳ’ ಎಂಬ ಮಾತನ್ನೇ ನೋಡೋಣ. ಸಂಸ್ಕೃತದ ‘ಬಹಲ’ ಎಂದರೆ ದಟ್ಟವಾದದ್ದು. ಕತ್ತಲೆಗೋ ಹೊಗೆಗೋ ಸಲ್ಲುವ ಮಾತು. ಅದು ಕನ್ನಡಕ್ಕೆ ಬಂದು ಬರಿಯ ‘ಹೆಚ್ಚು’ ಎಂದಾಯಿತು. ಧಾರವಾಡದ ಕಡೆ ‘ಭಾಳ’ ಎಂದು ಮೈಯನ್ನೂ ಸವೆಸಿಕೊಂಡಿತು. ‘ತುಂಬ’ ಎಂಬುದು ತುಂಬುವುದರಿಂದ ಬಂದದ್ದು. ಕೊಡದಲ್ಲಿ ನೀರು ಅಂಚಿನವರೆಗೆ ಬಂದಾಗ ಹೇಳಬೇಕಾದ ಆ ಮಾತನ್ನು ಈಗ ‘ಗಾಡಿ ತುಂಬ ಖಾಲಿಯಾಗಿತ್ತು’ ಎಂದು ಹೇಳಿದರೂ ಯಾರೂ ನಗುವುದಿಲ್ಲ. ತಮಿಳರ ‘ರೊಂಬ’ ಕೂಡ ಇದೇ ದಾರಿಯಲ್ಲಿ, ತುಂಬುವ ಅರ್ಥದ ‘ನಿರಂಬ’ ಎಂಬುದರಿಂದ ಇಳಿದು ಬಂದಿದೆ. ತೆಲುಗಿನ ‘ಚಾಲಾ’ ಎಂಬುದು ‘ಚಾಲು’ ಎಂಬ ಮಾತಿನ ಮನೆಯದು; ಚಾಲು ಎಂದರೆ ಸಾಕು. ಸಾಕು ಎಂಬುದೇ ಬಹಳ ಎಂದಾದದ್ದು ಸೋಜಿಗವಲ್ಲವೆ? ಬೆಂಗಳೂರಿನ ‘ಸಖತ್’ ಪಾರಸಿಯಲ್ಲಿ ಗಡುಸಾದದ್ದಕ್ಕೆ ಹೇಳುವ ಮಾತು. ನಮ್ಮ ಮುಂಬಯಿಯ ತುಳು ಬಂಧುಗಳು ಮದುವೆಮನೆಯಲ್ಲಿ ‘ಮಸ್ತ್ ಜನ’ ಎನ್ನುವಾಗ ಅಲ್ಲಿ ಯಾರೂ ಕುಡಿದಿರುವುದಿಲ್ಲ. ಆದರೂ ‘ಮಸ್ತ್’ ಎಂಬುದು ಮೂಲದಲ್ಲಿ ಅಮಲೇರಿದವನಿಗೆ ಇಟ್ಟ ಹೆಸರು. ಇಂಗ್ಲಿಷಿನ ‘ಟೆರಿಬಲ್’ ಮತ್ತು ‘ಟೆರಿಫಿಕ್’ ಎರಡೂ ಭಯವೆಂಬ ಒಂದೇ ಬೇರಿನ ಚಿಗುರುಗಳು. ಒಂದು ಕೆಟ್ಟದ್ದಕ್ಕೆ ನಿಂತಿತು, ಇನ್ನೊಂದು ಒಳ್ಳೆಯದಕ್ಕೆ ಹೊರಟುಹೋಯಿತು.

ಆದಕಾರಣ ಉಪ್ಪಿಟ್ಟಿನ ವಿಷಯದಲ್ಲಿ ನಮ್ಮ ಆಕ್ಷೇಪಣೆ ಏನೂ ಇಲ್ಲ. ನೆರೆಯ ಮರಾಠಿಯವರೂ ತಮಗೆ ಮೆಚ್ಚಿಗೆಯಾದದ್ದನ್ನು ‘ಭಯಂಕರ’ ಮೆಚ್ಚಿಗೆಯಾಯಿತೆಂದೇ ಹೇಳುತ್ತಾರೆ. ಈ ಊರಿನಲ್ಲಿ ಹತ್ತಾರು ವರ್ಷ ಬಾಳಿದ ಕನ್ನಡಿಗನ ಬಾಯಿಗೆ ಅದು ಬಾರದೆ ಇರುತ್ತದೆಯೆ?

ಆದರೂ ಒಂದು ಭೇದವನ್ನು ಗಮನಿಸಬೇಕು. ಬಹಳ, ತುಂಬ ಎಂಬುವು ಅಳತೆಯ ಮಾತುಗಳು. ಸವೆದರೂ ಅಳತೆಗೆ ಒದಗುತ್ತವೆ. ಭಯಂಕರ, ಘೋರ, ಅದ್ಭುತ ಎಂಬುವು ಹಾಗಲ್ಲ, ಅವು ಮನಸ್ಸಿನ ಸ್ಥಿತಿಗಳ ಹೆಸರುಗಳು. ಭರತನ ನಾಟ್ಯಶಾಸ್ತ್ರವು ಹೇಳುವ 8 ರಸಗಳಲ್ಲಿ ಅದ್ಭುತವೂ ಒಂದು. ವಿಸ್ಮಯವು ಅದರ ಸ್ಥಾಯಿಭಾವ. ಭಯವು ನೆಲೆಯಾಗಿ ನಿಂತಾಗ ಭಯಾನಕ ರಸ. ಈ ರಸಗಳನ್ನು ಕುರಿತು ನಮ್ಮ ಹಿಂದಿನವರು ಒಂದು ಸೂಕ್ಷ್ಮವಾದ ವಿಚಾರವನ್ನು ಮಾಡಿದ್ದಾರೆ. 9ನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು, ರಸದ ಹೆಸರನ್ನು ಹೇಳಿದ ಮಾತ್ರಕ್ಕೆ ರಸವು ಹುಟ್ಟುವುದಿಲ್ಲವೆಂದು ವಾದಿಸಿದನು. 11ನೆಯ ಶತಮಾನದ ಮಮ್ಮಟನು ಹಾಗೆ ಹೆಸರೆತ್ತಿ ಹೇಳುವುದನ್ನೇ ರಸದೋಷಗಳ ಪಟ್ಟಿಗೆ ಸೇರಿಸಿದನು. ಸ್ವಶಬ್ದವಾಚ್ಯತೆ ಎಂದು ಅದಕ್ಕೆ ಹೆಸರು. ನಟನೊಬ್ಬನು ರಂಗದ ಮೇಲೆ ನಿಂತು ‘ನನಗೆ ಮಹಾಶೋಕವಾಗಿದೆ’ ಎಂದು ಎಷ್ಟು ಸಲ ಕೂಗಿದರೂ ಪ್ರೇಕ್ಷಕನು ಕಡಲೆಕಾಯಿ ಸುಲಿಯುತ್ತಲೇ ಇರುತ್ತಾನೆ. ಅದೇ ನಟನು, ತೀರಿಕೊಂಡ ಮಗನ ಚಪ್ಪಲಿಗಳು ಹೊಸ್ತಿಲ ಬಳಿ ಬಿದ್ದಿರುವುದನ್ನು ಕಂಡು, ಅವನ್ನು ಜೋಡಿಸಿ ಗೋಡೆಯ ಕಡೆಗೆ ಸರಿಸಿದನೆನ್ನಿ. ಪ್ರೇಕ್ಷಕನ ಕೈ ಅಲ್ಲಿಯೇ ನಿಲ್ಲುತ್ತದೆ. ಶಾಸ್ತ್ರಕಾರರು ಇದನ್ನು ಕವಿಗಳಿಗಾಗಿ ಬರೆದರು. ನಮ್ಮ ಬೆಂಚಿಗೂ ಇದು ಸಲ್ಲುತ್ತದೆಂದು ನಮಗೆ ತೋರುತ್ತದೆ.

ಅದಕ್ಕೆ ಈ ಊರಿನ ಮಳೆಯೇ ಸಾಕ್ಷಿ. ಜೂನ್ ತಿಂಗಳ ಮೊದಲ ಹನಿ ಬಿದ್ದಾಗಿನಿಂದ ನಮಗೆ ಪ್ರತಿ ಮಳೆಯೂ ಭಯಂಕರವೇ. 2005ರ ಜುಲೈ 26ರಂದು ಸಾಂತಾಕ್ರೂಜಿನ ಮಾಪನದಲ್ಲಿ 24 ಗಂಟೆಗಳಿಗೆ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿ ಕುರ್ಲಾದ ಕಡೆಯಿಂದ ನಡೆದುಕೊಂಡು ಮನೆ ಸೇರಿದವರೊಬ್ಬರು ನಮ್ಮ ವಾಚಕರಲ್ಲಿದ್ದಾರೆ. ಆ ದಿನದ ಮಾತು ಬಂದರೆ ಅವರು ಯಾವ ವಿಶೇಷಣವನ್ನೂ ಬಳಸುವುದಿಲ್ಲ. ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ‘ನೀರು ಇಲ್ಲಿಗೆ ಇತ್ತು’ ಎನ್ನುತ್ತಾರೆ. ತಬೇಲೆಯ ಎಮ್ಮೆಯೊಂದು ಮಗ್ಗುಲಲ್ಲಿ ತೇಲಿಹೋಯಿತೆನ್ನುತ್ತಾರೆ. ಮುಂದೆ ಹೋಗುತ್ತಿದ್ದ ಅಪರಿಚಿತನ ಅಂಗಿಯ ಚುಂಗನ್ನು ಹಿಡಿದೇ ಒಂದು ಮೈಲಿ ನಡೆದೆನೆನ್ನುತ್ತಾರೆ. ಅಷ್ಟೆ. ಕೇಳಿದ ನಮಗೆ ಮೈ ಜುಮ್ಮೆನ್ನುತ್ತದೆ. ಭಯಂಕರವೆಂಬ ಮಾತು ಅವರ ಬಳಿ ಇಲ್ಲವೆಂದಲ್ಲ. ಅದನ್ನು ಅವರು ಮೊನ್ನೆ ಗರ್ದಿಗಾಗಿ ಖರ್ಚು ಮಾಡಿದ್ದರು.

ಹವಾಮಾನ ಇಲಾಖೆಯವರು ಈ ತೊಂದರೆಯನ್ನು ತಮ್ಮದೇ ರೀತಿಯಲ್ಲಿ ಪರಿಹರಿಸಿಕೊಂಡಿದ್ದಾರೆ. ಅವರ ಮಾತಿನಲ್ಲಿ ‘ಭಾರಿ’ ಮಳೆ ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಮೇಲೆ, 115.6ರಿಂದ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಒಂದೊಂದು ಗಟ್ಟಿ ಮಾತನ್ನೂ ಒಂದೊಂದು ಅಂಕಿಯ ಗೂಟಕ್ಕೆ ಕಟ್ಟಿಹಾಕಿದ್ದಾರೆ, ಅಡ್ಡಾಡಲು ಬಿಟ್ಟಿಲ್ಲ. ಆದರೂ 2005ರ ಆ ಮಳೆಯು ಈ ಕಡೆಯ ಮೆಟ್ಟಿಲಿನ ನಾಲ್ಕು ಪಟ್ಟಿಗಿಂತ ಹೆಚ್ಚಾಗಿತ್ತು. ಅದಕ್ಕೆ ಬೇರೆ ಮಾತಿಲ್ಲ, 944 ಎಂಬ ಅಂಕಿಯೇ ಮಾತು.

ಮನುಷ್ಯನ ನೋವಿಗೆ ಹೀಗೆ ಮಾಪನವಿಲ್ಲ. ಅಲ್ಲಿ ನಮಗೆ ಮಾತೇ ಗತಿ. ಈ ವಿಷಯದಲ್ಲಿ ಕನ್ನಡದ ಸಂಪತ್ತನ್ನು ನೋಡಿದರೆ ಹೆಮ್ಮೆಯಾಗುತ್ತದೆ, ನಾವು ಅದನ್ನು ಮೂಲೆಗೆ ತಳ್ಳಿ ‘ಭಯಂಕರ ನೋವು’ ಎಂಬ ಒಂದೇ ಮಾತಿನಲ್ಲಿ ಸಂಸಾರ ಮಾಡುತ್ತಿರುವುದಕ್ಕೆ ನಾಚಿಕೆಯೂ ಆಗುತ್ತದೆ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಾಲು ಸೆಳೆಯುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಕಣ್ಣು ಚುಚ್ಚುತ್ತದೆ, ಎದೆ ಉರಿಯುತ್ತದೆ ಇಲ್ಲವೆ ಹಿಂಡುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕೈ ಜೋಮು ಹಿಡಿಯುತ್ತದೆ. ಒಂದೊಂದು ಅಂಗಕ್ಕೂ ಅದರದೇ ಕ್ರಿಯಾಪದ! ಹೊಟ್ಟೆ ಸಿಡಿಯಿತೆಂದೂ ತಲೆ ನುಲಿಯಿತೆಂದೂ ಯಾರೂ ಹೇಳುವುದಿಲ್ಲ. ಇವುಗಳಲ್ಲಿ ಯಾವುದೂ ಗಟ್ಟಿಯಾಗಿ ಕೂಗುವ ಮಾತಲ್ಲ, ಆದರೆ ಒಂದೊಂದೂ ಬೆರಳಿಟ್ಟು ತೋರಿಸುತ್ತದೆ. ವೈದ್ಯರಿಗೆ ಬೇಕಾದದ್ದೂ ಇದೇ. ಕೆನಡಾ ದೇಶದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಎಂಬವರು 1975ರಲ್ಲಿ ರೋಗಿಗಳಿಗಾಗಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ನೋವನ್ನು ವರ್ಣಿಸುವ 78 ಶಬ್ದಗಳನ್ನು 20 ಗುಂಪುಗಳಾಗಿ ವಿಂಗಡಿಸಿದೆ. ರೋಗಿಯು ತನ್ನ ನೋವಿಗೆ ಹೊಂದುವ ಶಬ್ದವನ್ನು ಆರಿಸಬೇಕು. ನೋವು ಎಷ್ಟು ಎಂಬುದರ ಜೊತೆಗೆ ಎಂಥದು ಎಂದೂ ತಿಳಿಯಬೇಕೆಂಬುದು ಅದರ ಉದ್ದೇಶ. ನಮ್ಮ ಹಳ್ಳಿಯ ಅಜ್ಜಿಯರು ಯಾವ ಪ್ರಶ್ನಾವಳಿಯೂ ಇಲ್ಲದೆ ಇದನ್ನು ಹೇಳಬಲ್ಲವರಾಗಿದ್ದರು.

ಲಕೋಟೆಯ ಹಿಂದೆ ಗುರುತು ಹಾಕಿಕೊಂಡ ಆ ಸಂಜೆಯ ಸಂಗತಿಯನ್ನು ನಾವು ಪೂರ್ತಿ ಹೇಳಲಿಲ್ಲ. ಈಗ ಹೇಳಬೇಕು.

ವಾಚನಾಲಯದ ಬೀಗದ ಕೈಯನ್ನು ಬಹು ವರ್ಷಗಳಿಂದ ಇಟ್ಟುಕೊಂಡಿದ್ದ ಹಿರಿಯರೊಬ್ಬರನ್ನು ವಾಚಕರು ಬಲ್ಲರು. ಹೆಸರನ್ನು ಅಚ್ಚು ಹಾಕಿದರೆ ಅವರಿಗೆ ಸರಿಬೀಳುತ್ತಿರಲಿಲ್ಲ, ಆದ್ದರಿಂದ ಹಾಕುವುದಿಲ್ಲ. ಅವರ ಬಾಯಲ್ಲಿ ಅತ್ಯುಚ್ಚ ಪ್ರಶಂಸೆಯೆಂದರೆ ‘ಪರವಾಗಿಲ್ಲ’. ಒಂದು ವರ್ಷ ನಮ್ಮ ನಾಡಹಬ್ಬದ ನಾಟಕವನ್ನು ನೋಡಿ ‘ಅಡ್ಡಿಯಿಲ್ಲ, ಪರವಾಗಿಲ್ಲ’ ಎಂದು ಎರಡು ಮಾತು ಆಡಿದ್ದಕ್ಕೆ ನಟರೆಲ್ಲರೂ ಒಂದು ವಾರ ಹಿಗ್ಗಿದ್ದರು. ಅಂದು ಭಯಂಕರ ತಲೆನೋವಿನವರ ಸುತ್ತ ನಾವು ನಾಲ್ವರು ನೆರೆದಿದ್ದೆವು. ಒಬ್ಬರು ಮಾತ್ರೆ ತಂದರು, ಒಬ್ಬರು ಫ್ಯಾನಿನ ವೇಗ ಹೆಚ್ಚಿಸಿದರು. ಆ ಹೊತ್ತಿಗೆ ಹಿರಿಯರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ‘ಎದೆ ಸ್ವಲ್ಪ ಹಿಂಡಿದ ಹಾಗಿದೆ, ನಾಳೆ ಯಾರಾದರೂ ಬಾಗಿಲು ತೆಗೆಯಿರಿ’ ಎಂದರು. ‘ಆಗಲಿ’ ಎಂದೆವು. ಅವರು ಕೊಡೆ ಬಿಚ್ಚಿಕೊಂಡು ಹೋದರು. ಬೆಳಗಾಗುವುದರೊಳಗೆ ತೀರಿಕೊಂಡರು.

ಹೃದಯಾಘಾತದ ರೋಗಿಗಳಲ್ಲಿ ಅನೇಕರು ನೋವೆಂಬ ಮಾತನ್ನೇ ಬಳಸದೆ, ಎದೆ ಹಿಂಡಿದಂತಾಯಿತು, ಬಿಗಿದಂತಾಯಿತು, ಭಾರವಿಟ್ಟಂತಾಯಿತು ಎಂದೇ ಹೇಳುತ್ತಾರೆಂದು ಅನಂತರ ವೈದ್ಯರೊಬ್ಬರು ನಮಗೆ ತಿಳಿಸಿದರು. ಹಿರಿಯರು ಸರಿಯಾದ ಮಾತನ್ನೇ ಆಡಿದ್ದರು. ಹಿಂಡುವುದು ಎಂಬುದಕ್ಕಿಂತ ನಿಖರವಾದ ಮಾತು ಕನ್ನಡದಲ್ಲಿ ಇಲ್ಲ. ಅವರ ‘ಸ್ವಲ್ಪ’ ಎಂಬುದನ್ನು ನಾವು ಕೇಳಿಸಿಕೊಂಡೆವು, ‘ಹಿಂಡಿದ ಹಾಗೆ’ ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಅವರನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಹೇಳಬಲ್ಲವರಿಲ್ಲ. ಆದರೆ ಒಂದು ಮಾತು ನಮಗೆ ನಿಶ್ಚಯವಾಗಿದೆ. ಗಟ್ಟಿ ಮಾತುಗಳ ಅತಿಬಳಕೆಯಿಂದ ಅವನ್ನು ಬಳಸುವವರಿಗೆ ಆಗುವ ಹಾನಿ ಕಡಮೆ. ಅವರಿಗೆ ಮಾತ್ರೆ ಸಿಕ್ಕೇ ಸಿಗುತ್ತದೆ. ಹಾನಿಯೆಲ್ಲ ಮೆಲುಮಾತಿನವರ ಪಾಲಿನದು. ಭಯಂಕರಕ್ಕೆ ಹೊಂದಿಕೊಂಡ ಕಿವಿಗೆ ‘ಸ್ವಲ್ಪ’ ಎಂಬುದು ಆರೋಗ್ಯದ ಲಕ್ಷಣವಾಗಿ ಕೇಳಿಸುತ್ತದೆ.

ಮುಂದಿನ ಭಾನುವಾರ ಸಂತಾಪ ಸೂಚಕ ಸಭೆ ಕೂಡಿತು. ಠರಾವನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದದ್ದರಿಂದ, ಮಾದರಿಗಾಗಿ ಹಳೆಯ ನಡವಳಿ ಪುಸ್ತಕವನ್ನು ತೆರೆದೆವು. ‘ತುಂಬಲಾರದ ನಷ್ಟ’. ‘ಬರಸಿಡಿಲಿನಂತೆ ಎರಗಿದ ವಾರ್ತೆ’. ‘ತೀವ್ರ ಆಘಾತ’. ಪುಟ ತಿರುವಿದಷ್ಟೂ ಅವೇ. ಒಮ್ಮೆ ಮಾತ್ರ ನಮ್ಮ ವಾಚನಾಲಯಕ್ಕೆ ಬಂದುಹೋಗಿದ್ದ ಗಣ್ಯರೊಬ್ಬರ ನಷ್ಟವೂ ತುಂಬಲಾರದ್ದೇ. 92 ವರ್ಷ ಬಾಳಿ, ಮೂರು ವರ್ಷ ಹಾಸಿಗೆ ಹಿಡಿದಿದ್ದವರ ವಾರ್ತೆಯೂ ಬರಸಿಡಿಲೇ. ಇವುಗಳಲ್ಲಿ ಬಹುಪಾಲು ನಮ್ಮ ಕೈಬರಹದಲ್ಲಿಯೇ ಇದ್ದುವು. ಈ ಹಿರಿಯರಿಗೆಂದು ಎತ್ತಿಟ್ಟ ಮಾತು ಒಂದೂ ಉಳಿದಿರಲಿಲ್ಲ.

ಬಹಳ ಹೊತ್ತು ಕುಳಿತು ಕೊನೆಗೆ ಹೀಗೆ ಬರೆದೆವು: ಇವರು ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ವಾಚನಾಲಯದ ಬಾಗಿಲು ತೆಗೆಯುತ್ತಿದ್ದರು. ಹರಿದ ಪುಟಗಳಿಗೆ ಮನೆಯಿಂದ ಮೈದಾ ಅಂಟು ಮಾಡಿ ತಂದು ಹಚ್ಚುತ್ತಿದ್ದರು. ಊರಿನ ಪತ್ರಿಕೆ ತಡವಾಗಿ ಬಂದ ದಿನ, ಅದಕ್ಕಾಗಿ ಕಾದು ಹೋದವರ ಹೆಸರನ್ನು ನೆನಪಿಟ್ಟುಕೊಂಡು ಮರುದಿನ ಅವರಿಗೆ ಮೊದಲು ಕೊಡುತ್ತಿದ್ದರು. ಸೋಮವಾರದಿಂದ ಬಾಗಿಲನ್ನು ಬೇರೆಯವರು ತೆಗೆಯಬೇಕಾಗಿದೆ.

ಓದಿ ಮುಗಿಸಿದಾಗ ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಸದಸ್ಯರೊಬ್ಬರು ಎದ್ದು, ಇದು ಠರಾವಿನ ಭಾಷೆಯಲ್ಲ, ‘ತುಂಬಲಾರದ ನಷ್ಟ’ ಎಂಬುದನ್ನಾದರೂ ಸೇರಿಸದಿದ್ದರೆ ಮನೆಯವರು ಏನೆಂದುಕೊಂಡಾರು ಎಂದು ಕೇಳಿದರು. ಅವರ ಮಾತಿನಲ್ಲಿಯೂ ಅರ್ಥವಿತ್ತು. ಮನೆಯವರು ಆ ಮಾತಿಗಾಗಿ ಕಾದಿರಲೂ ಬಹುದು. ಚರ್ಚೆಯಾಗಿ, ಎರಡನ್ನೂ ಇಟ್ಟುಕೊಂಡೆವು. ಪ್ರತಿಯನ್ನು ಅವರ ಶ್ರೀಮತಿಯವರಿಗೆ ಒಪ್ಪಿಸಿದಾಗ ಅವರು ನಿಂತಲ್ಲೇ ಓದಿಕೊಂಡು, ಮೈದಾ ಅಂಟಿಗೆ ಸ್ವಲ್ಪ ಮೈಲುತುತ್ತವನ್ನೂ ಬೆರೆಸುತ್ತಿದ್ದರು, ಹುಳ ಹಿಡಿಯಬಾರದೆಂದು, ಅದನ್ನು ಬರೆದಿಲ್ಲ ಎಂದರು.