ಸೂಪರ್‌ಚಾರ್ಜರ್: ದೋಷ ಎಲ್ಲಿ, ದುರಸ್ತಿ ಯಾರಲ್ಲಿ

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಮೂಲಕ ತಿರುಗುತ್ತ ಸಿಲಿಂಡರ್‌ಗಳಿಗೆ ಹೆಚ್ಚುವರಿ ಗಾಳಿ ತುರುಕುವ ಯಂತ್ರವೇ ಸೂಪರ್‌ಚಾರ್ಜರ್. ಅದು ಮೊದಲು ಕಾರಿಗೆಂದು ಹುಟ್ಟಿದ್ದಲ್ಲ. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಊದುಯಂತ್ರ ಲೋಹ ಕರಗಿಸುವ ಕುಲುಮೆಗಳಿಗೆ ಗಾಳಿ ಒದಗಿಸುತ್ತಿತ್ತು. ಒಂದಕ್ಕೊಂದು ತಾಗದೆ ಎದುರುಬದುರಾಗಿ ತಿರುಗುವ ಎರಡು ರೋಟರ್‌ಗಳ ಅದೇ ಉಪಾಯವನ್ನು ಈಟನ್ ಕಂಪನಿಯ ಘಟಕಗಳು ಇಂದಿಗೂ ಬಳಸುತ್ತವೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ತಯಾರಾದ ಮೊದಲ ಪೀಳಿಗೆಯ ಮಿನಿ ಕೂಪರ್ ಎಸ್ ಇದನ್ನು ಅರಿಯಲು ಒಳ್ಳೆಯ ಉದಾಹರಣೆ. ಅದರ 1.6 ಲೀಟರ್ ಎಂಜಿನ್ ಆರಂಭದಲ್ಲಿ 163 ಅಶ್ವಶಕ್ತಿ ಕೊಡುತ್ತಿದ್ದುದು ಈಟನ್ ಎಂ45 ಸೂಪರ್‌ಚಾರ್ಜರ್‌ನ ಬಲದಿಂದ. ಸೂಪರ್‌ಚಾರ್ಜರ್‌ನ ಒಂದು ತುದಿಗೆ ಬೆಲ್ಟ್. ಇನ್ನೊಂದು ತುದಿಯ ಗಿಯರ್‌ಗಳು ವಾಟರ್ ಪಂಪನ್ನು ತಿರುಗಿಸುತ್ತವೆ. ಎರಡೂ ಕಡೆ ಪ್ರತ್ಯೇಕ ಎಣ್ಣೆ ಇದೆ. ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಪಂಪಿನ ಕಡೆಯ ಎಣ್ಣೆ ಬತ್ತಿದರೆ ಗಿಯರ್ ಸವೆದು ಪಂಪ್ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ. ಬಸಿದ ಎಣ್ಣೆಯಲ್ಲಿ ಲೋಹದ ಪುಡಿ ಹೊಳೆದರೆ ಅದು ಸವೆತದ ಗುರುತು. ಮೂಗು ಮುಚ್ಚಿಸುವ ವಾಸನೆ ಮಾತ್ರ ಹೊಸ ಎಣ್ಣೆಗೂ ಇರುತ್ತದೆ, ಅದಕ್ಕೆ ಗಾಬರಿಪಡಬೇಕಿಲ್ಲ.

ವೇಗ ಏರಿದಂತೆ ಕೇಳುವ ಕೀರಲು ಸ್ವರ ಸಹಜ. ಐಡಲ್‌ನಲ್ಲಿ ಡಬ್ಬಿಯೊಳಗೆ ಕಲ್ಲು ಅಲುಗಿದಂಥ ಸದ್ದು ಬಂದು ರೇಸ್ ಕೊಟ್ಟಾಗ ಮಾಯವಾದರೆ, ರಾಟೆಗೂ ರೋಟರ್‌ಗೂ ನಡುವಿನ ಕಪ್ಲರ್ ಸವೆದಿರುವ ಸಂಭವ ಹೆಚ್ಚು. ಬೆಲ್ಟ್ ಬಿಚ್ಚಿ ಎಂಜಿನನ್ನು ಕೆಲವೇ ಸೆಕೆಂಡು ಓಡಿಸಿದಾಗ ಸದ್ದು ನಿಂತರೆ ಅದರ ಮೂಲ ಬೆಲ್ಟ್ ತಿರುಗಿಸುವ ಭಾಗಗಳಲ್ಲಿದೆ; ಆಮೇಲೆ ಒಂದೊಂದು ರಾಟೆಯನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಶಕ್ತಿ ಕುಗ್ಗಿದ್ದಕ್ಕೆ ಕಾರಣ ಹಲವು ಸಲ ಸೂಪರ್‌ಚಾರ್ಜರ್ ಅಲ್ಲವೇ ಅಲ್ಲ. ಬೂಸ್ಟ್, ಅಂದರೆ ತುರುಕಿದ ಗಾಳಿಯ ಒತ್ತಡ, ಮೇಲಿನ ವೇಗದಲ್ಲಿ ಮಾತ್ರ ಕುಸಿದರೆ ಬೆಲ್ಟ್ ಜಾರುತ್ತಿರಬಹುದು: ಟೆನ್ಷನರ್ ಸೋತಿರುತ್ತದೆ, ಇಲ್ಲವೇ ಕ್ರ್ಯಾಂಕ್ ರಾಟೆಯ ರಬ್ಬರ್ ಬಿಟ್ಟಿರುತ್ತದೆ. ಎಲ್ಲ ವೇಗದಲ್ಲೂ ಕಡಿಮೆಯಿದ್ದರೆ ಇಂಟರ್‌ಕೂಲರ್‌ನ ರಬ್ಬರ್ ಕೊಳವೆಗಳನ್ನೂ ಬೈಪಾಸ್ ಕವಾಟವನ್ನೂ ನೋಡಬೇಕು. ಕವಾಟ ಪೂರ್ತಿ ಮುಚ್ಚದಿದ್ದರೆ ಒತ್ತಿದ ಗಾಳಿ ಬಂದ ದಾರಿಗೇ ಮರಳುತ್ತದೆ. ಸಣ್ಣ ಸೋರಿಕೆಯನ್ನು ಹೊಗೆ ಹಾಯಿಸಿ ಹಿಡಿಯಬಹುದು. ಸಿಲಿಂಡರ್‌ಗಳ ಕಂಪ್ರೆಷನ್ ಅಳೆಯದೆ ಸೂಪರ್‌ಚಾರ್ಜರ್ ಬಿಚ್ಚುವುದು ಅವಸರದ ಕೆಲಸ.

ಪರ್ಫಾರ್ಮೆನ್ಸ್ ವರ್ಕ್‌ಶಾಪ್‌ಗಳ ಆದಾಯ ಹೆಚ್ಚಾಗಿ ಶಕ್ತಿ ಏರಿಸುವುದರಲ್ಲಿದೆ, ರೋಗ ಹುಡುಕುವುದರಲ್ಲಲ್ಲ. ದೂರು ಕೇಳಿದ ಕೂಡಲೇ ಚಿಕ್ಕ ರಾಟೆ ಹಾಕೋಣ ಎನ್ನುವ ಅಂಗಡಿಯಿಂದ ದೂರವಿರುವುದು ಲೇಸು. ಶೇ 15ರಷ್ಟು ಚಿಕ್ಕದಾದ ರಾಟೆ ರೋಟರ್‌ಗಳನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಸವೆದ ಬೇರಿಂಗ್ ಅದನ್ನು ತಾಳದು. ತಪಾಸಣೆಯ ಶುಲ್ಕ, ದುರಸ್ತಿಯ ಅಂದಾಜು ಎರಡೂ ಬೇರೆಬೇರೆಯಾಗಿ ಬರಹದಲ್ಲಿರಬೇಕು. ಬೂಸ್ಟ್ ಮತ್ತು ಇಂಧನದ ಲಾಗ್ ಗ್ರಾಹಕನ ಕೈಗೆ ಬರಬೇಕು, ಬದಲಿಸಿದ ಹಳೆಯ ಭಾಗಗಳೂ ಮರಳಬೇಕು. ಡೈನೊ, ಅಂದರೆ ಶಕ್ತಿ ಅಳೆಯುವ ಯಂತ್ರದ ಅಳತೆ, ಕೆಲಸಕ್ಕೆ ಮೊದಲು ಮತ್ತು ನಂತರ ಒಂದೇ ಯಂತ್ರದಲ್ಲಿ, ಒಂದೇ ಗೇರ್‌ನಲ್ಲಿ ಆಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ಭಾರತದಲ್ಲಿ ಹೀಗೆ ಶಕ್ತಿ ಏರಿಸುವ ಮಾರ್ಪಾಡಿಗೆ ಕಾನೂನಿನ ಮಿತಿಯೂ ಇದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.