ವಿಶ್ರಾಂತಿಯೂ ನಡಿಗೆಯೂ

ಕಾಯಿಲೆ ಬಿದ್ದವರನ್ನು ಕುರಿತು “ಹಾಸಿಗೆ ಹಿಡಿದಿದ್ದಾರೆ” ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಈ ಮಾತನ್ನು ತುಸು ತಿರುಗಿಸಿ ನೋಡಿದರೆ ಅದರಲ್ಲಿ ಇನ್ನೊಂದು ಸತ್ಯವೂ ತೋರುತ್ತದೆ. ರೋಗಿಯು ಹಾಸಿಗೆಯನ್ನು ಹಿಡಿಯುವುದು ನಾಲ್ಕು ದಿನ. ಎಚ್ಚರದಪ್ಪಿದರೆ ಆಮೇಲೆ ಹಾಸಿಗೆಯೇ ರೋಗಿಯನ್ನು ಹಿಡಿದುಕೊಳ್ಳುತ್ತದೆ. ಜ್ವರ ಬಿಟ್ಟು ಎಷ್ಟೋ ದಿನವಾದರೂ ಏಳಲಾರದ ವೃದ್ಧರನ್ನು, ಮೂಳೆ ಕೂಡಿದ ಮೇಲೂ ಕಾಲೂರಲು ಅಂಜುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅವರನ್ನು ಕೆಡಹಿದ್ದು ರೋಗವೊಂದೇ ಅಲ್ಲ. ಮನೆಯವರ ಅತಿಯಾದ ಮಮತೆಯೂ ಎಷ್ಟೋ ವೇಳೆ ಅದರಲ್ಲಿ ಪಾಲುಗೊಂಡಿರುತ್ತದೆ. ವಿಶ್ರಾಂತಿಯೂ ಒಂದು ಔಷಧವೇ. ಆದಕಾರಣ ಅದನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಕೊಡಬೇಕೆಂಬುದನ್ನು ರೋಗಿಯ ಶುಶ್ರೂಷೆಯ ಭಾರ ಹೊತ್ತವರೆಲ್ಲರೂ ತಿಳಿದಿರುವುದು ಅವಶ್ಯಕ.

ವಿಶ್ರಾಂತಿಯ ಮಹಿಮೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಚರಕಸಂಹಿತೆಯು ಶರೀರಕ್ಕೆ ಆಧಾರವಾದ ಮೂರು ಕಂಬಗಳಲ್ಲಿ ನಿದ್ರೆಯನ್ನೂ ಒಂದಾಗಿ ಎಣಿಸಿದೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ಎಂಬವರು ವಿಶ್ರಾಂತಿ ಮತ್ತು ನೋವುಗಳ ಸಂಬಂಧವನ್ನು ಕುರಿತು ಮಾಡಿದ ಉಪನ್ಯಾಸಗಳು 1863ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿ ಬಹುಕಾಲ ವೈದ್ಯರಿಗೆ ಮಾರ್ಗದರ್ಶಕವಾಗಿದ್ದವು. ಗಾಯಗೊಂಡ ಅಂಗಕ್ಕೆ ಬಿಡುವು ಕೊಟ್ಟರೆ ಪ್ರಕೃತಿಯೇ ಅದನ್ನು ಸರಿಪಡಿಸಿಕೊಳ್ಳುತ್ತದೆಂಬ ಅವರ ತತ್ತ್ವದಲ್ಲಿ ಹುರುಳಿದೆ. ಆದರೆ ಒಂದು ಅಂಗಕ್ಕೆ ಕೊಡತಕ್ಕ ಬಿಡುವನ್ನು ಇಡೀ ದೇಹಕ್ಕೆ, ನಾಲ್ಕು ದಿನಕ್ಕೆ ಸಾಕಾದುದನ್ನು ನಾಲ್ಕು ತಿಂಗಳಿಗೆ ಬೆಳೆಸಿದಾಗ ಅಮೃತವೇ ವಿಷವಾಗಿ ಪರಿಣಮಿಸಿತು.

ಈ ವಿಷಯದಲ್ಲಿ ಮೊದಲು ಗಟ್ಟಿಯಾಗಿ ಎಚ್ಚರಿಕೆಯಿತ್ತವರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಆಷರ್ ಪ್ರಮುಖರು. ಹಾಸಿಗೆಯಲ್ಲಿ ಮಲಗಿರುವುದರಿಂದ ಒದಗುವ ಅಪಾಯಗಳನ್ನು 1947ರಲ್ಲಿ ಅವರು ಒಂದು ಲೇಖನದಲ್ಲಿ ಅಂಗಾಂಗವಾಗಿ ವಿವರಿಸಿದರು. ಹೃದಯಾಘಾತವಾದವರು ನಾಲ್ಕಾರು ವಾರ ಅಲುಗಾಡದೆ ಮಲಗಿರಬೇಕೆಂದು ಆ ಕಾಲದ ನಿಯಮವಿದ್ದಿತು. ಬೋಸ್ಟನ್ ನಗರದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಅಂತಹ 81 ರೋಗಿಗಳನ್ನು ಬೇಗನೆ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕುಳ್ಳಿರಿಸಿ, ಅದರಿಂದಾದ ಹಿತವನ್ನು 1952ರಲ್ಲಿ ಪ್ರಕಟಿಸಿದರು. ಇಂದು ಹೃದಯಾಘಾತವಾದವರನ್ನು, ವಿಶೇಷ ತೊಡಕಿಲ್ಲದಿದ್ದರೆ, ಒಂದೆರಡು ದಿನಗಳಲ್ಲಿಯೇ ನಡೆದಾಡಿಸುತ್ತಾರೆ.

ನಮ್ಮ ನೆರೆಯ ಮದರಾಸಿನಲ್ಲಿ ನಡೆದ ಪರೀಕ್ಷೆಯು ಇದಕ್ಕಿಂತಲೂ ಬೋಧಪ್ರದವಾದುದು. ಕ್ಷಯರೋಗಕ್ಕೆ ತಕ್ಕ ಔಷಧವಿಲ್ಲದಿದ್ದ ಕಾಲದಲ್ಲಿ ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ, ಸಂಪೂರ್ಣ ವಿಶ್ರಾಂತಿ ಇವುಗಳೇ ಚಿಕಿತ್ಸೆಯಾಗಿದ್ದವು. ಮದನಪಲ್ಲಿಯ ಬಳಿಯ ಆರೋಗ್ಯವರಂನಲ್ಲಿಯೂ ಮೈಸೂರಿನಲ್ಲಿಯೂ ಆರೋಗ್ಯಧಾಮಗಳು ಏರ್ಪಟ್ಟದ್ದು ಹೀಗೆ. ಔಷಧಗಳು ದೊರೆತ ಮೇಲೆ, ಮದರಾಸಿನಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾಕೇಂದ್ರದವರು ಸುಮಾರು ಇನ್ನೂರು ಮಂದಿ ಬಡ ರೋಗಿಗಳನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡವು ಆರೋಗ್ಯಧಾಮದಲ್ಲಿ ಒಳ್ಳೆಯ ಊಟದೊಡನೆ ವಿಶ್ರಾಂತಿ ಪಡೆಯಿತು. ಇನ್ನೊಂದು ಪಂಗಡವು ಇಕ್ಕಟ್ಟಾದ ತಮ್ಮ ಮನೆಗಳಲ್ಲಿಯೇ ಇದ್ದಿತು. ಔಷಧ ಮಾತ್ರ ಇಬ್ಬರಿಗೂ ಒಂದೇ. ವರ್ಷದ ಕೊನೆಯಲ್ಲಿ ಎರಡು ಪಂಗಡಗಳಲ್ಲಿಯೂ ಬಹುಮಂದಿ ಗುಣಮುಖರಾಗಿದ್ದರು, ವ್ಯತ್ಯಾಸವು ಅತ್ಯಲ್ಪವಾಗಿದ್ದಿತು. 1959ರಲ್ಲಿ ಪ್ರಕಟವಾದ ಈ ಫಲಿತಾಂಶವು ಕ್ಷಯಚಿಕಿತ್ಸೆಯ ಕ್ರಮವನ್ನೇ ಲೋಕದಲ್ಲೆಲ್ಲ ಬದಲಾಯಿಸಿತು. ರೋಗವನ್ನು ನೀಗಿದ್ದು ತಪ್ಪದೆ ಸೇವಿಸಿದ ಔಷಧವೇ ಹೊರತು ತಿಂಗಳುಗಟ್ಟಲೆಯ ಶಯನವಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಮಲಗಿದ್ದಾಗ ದೇಹದಲ್ಲಿ ನಡೆಯುವುದೇನು? ದುಡಿಯದ ಮಾಂಸಖಂಡವನ್ನು ದೇಹವು ಪೋಷಿಸುವುದಿಲ್ಲ. ಅದು ದಿನೇ ದಿನೇ ಕರಗುತ್ತದೆ. ಭಾರ ಹೊರದ ಮೂಳೆಯಿಂದ ಸುಣ್ಣದ ಅಂಶವು ಕಳೆದುಹೋಗುತ್ತದೆ. ಕಾಲುಗಳ ರಕ್ತವು ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಸಂಚಕಾರ. ಕಫವು ಎದೆಯಲ್ಲಿ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ, ಬೆನ್ನು, ಹಿಮ್ಮಡಿಗಳಲ್ಲಿ ಹುಣ್ಣುಗಳೇಳುತ್ತವೆ, ಮಲಬದ್ಧತೆಯುಂಟಾಗುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ.

ಇದು ದುರ್ಬಲರ ಪಾಡು ಮಾತ್ರವೆಂದು ಭಾವಿಸಬಾರದು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿದರು. ಅಷ್ಟರಲ್ಲಿ ಶ್ರಮದ ಕಾಲದಲ್ಲಿ ಆಮ್ಲಜನಕವನ್ನು ಬಳಸುವ ಅವರ ಶಕ್ತಿಯು ಕಾಲುಪಾಲಿಗಿಂತ ಹೆಚ್ಚು ಕುಗ್ಗಿತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚೆಂದು ಕಂಡುಬಂದಿತು! ಹಾಸಿಗೆ ಬಿಟ್ಟ ಮೇಲೆ ಕ್ರಮವಾದ ವ್ಯಾಯಾಮದಿಂದ ಅವರು ಕಳೆದುದನ್ನು ಮರಳಿ ಪಡೆದಿದ್ದರೆಂಬುದು ಸಮಾಧಾನದ ಸಂಗತಿ. ಮುದುಕರ ಪಾಡು ಇನ್ನೂ ಕಷ್ಟ. ಹತ್ತು ದಿನ ಮಲಗಿದ ಆರೋಗ್ಯವಂತ ವೃದ್ಧರು ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸವನ್ನು ಕಳೆದುಕೊಂಡುದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಿಳಿದುಬಂದಿತು. ತೊಡೆಮೂಳೆ ಮುರಿದ ವೃದ್ಧರನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕೆಂದು ಇಂದಿನ ವೈದ್ಯರು ಒತ್ತಾಯಪಡಿಸುವುದು ಈ ಕಾರಣದಿಂದಲೇ.

ಸೊಂಟನೋವಿನ ವಿಷಯದಲ್ಲಿಯೂ ಹಳೆಯ ನಂಬಿಕೆ ಸಡಿಲಿದೆ. ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ದಿನ ಮಲಗಿ ಹೊರಳಿದವರಿಗಿಂತ, ನೋವು ಅನುವು ಕೊಟ್ಟಷ್ಟು ಎಂದಿನ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು.

ಇಷ್ಟು ಓದಿದ ಮಾತ್ರಕ್ಕೆ ಯಾರೂ ಅವಸರಪಟ್ಟು ರೋಗಿಯನ್ನು ಎಳೆದು ನಡೆಸತಕ್ಕದ್ದಲ್ಲ. ಜ್ವರ ಏರಿರುವಾಗ ವಿಶ್ರಾಂತಿಯೇ ಸರಿ. ಹೃದಯದ ಮಾಂಸಕ್ಕೆ ಉರಿಯೂತವಾದವರು ಕೆಲವು ತಿಂಗಳು ಬಿರುಸಿನ ಶ್ರಮವನ್ನು ವರ್ಜಿಸಬೇಕು. ಮುರಿದ ಮೂಳೆಯ ಮೇಲೆ ಯಾವಾಗ ಭಾರ ಹಾಕಬಹುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಎದೆನೋವು, ಉಸಿರಿನ ಕಟ್ಟು, ಒಂದೇ ಕಾಲಿನಲ್ಲಿ ಊತ ಮತ್ತು ನೋವು ಕಂಡರೆ ನಡಿಗೆಯನ್ನು ನಿಲ್ಲಿಸಿ ಕೂಡಲೆ ವೈದ್ಯರನ್ನು ಕಾಣಬೇಕು. ಇನ್ನೊಂದು ಬಗೆಯ ರೋಗಿಗಳೂ ಉಂಟು. ಕೋವಿಡ್ ಮೊದಲಾದ ಸೋಂಕುಗಳ ಬಳಿಕ ಕೆಲವರಿಗೆ ಅಲ್ಪಶ್ರಮದಿಂದಲೂ ಮರುದಿನ ಅಥವಾ ಅದರ ಮರುದಿನ ವಿಪರೀತ ಆಯಾಸ ಮರುಕಳಿಸುತ್ತದೆ. ಇಂಥವರನ್ನು ಸೋಮಾರಿಗಳೆಂದು ಜರೆದು ದಿನದಿನಕ್ಕೂ ಶ್ರಮವನ್ನು ಹೆಚ್ಚಿಸುವುದು ಅನ್ಯಾಯ, ಅಪಾಯಕರವೂ ಹೌದು. ತಮ್ಮ ಶಕ್ತಿಯ ಮಿತಿಯೊಳಗೆ ಕೆಲಸವನ್ನು ಹಂಚಿಕೊಳ್ಳುವುದೇ ಅವರಿಗೆ ಹಿತ.

ಉಳಿದವರಿಗೆ, ವೈದ್ಯರ ಅಪ್ಪಣೆಯಾದ ಮೇಲೆ, ಮನೆಯಲ್ಲಿ ಅನುಸರಿಸತಕ್ಕ ಕ್ರಮವು ಸುಲಭವಾದುದು. ಮೊದಲು ಮಂಚದಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ದೀರ್ಘವಾಗಿ ಉಸಿರಾಡಬೇಕು. ಬಳಿಕ ಕಾಲುಗಳನ್ನು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದು, ತಲೆ ತಿರುಗದಿದ್ದರೆ ಒಬ್ಬರ ಆಸರೆಯಿಂದ ನಿಲ್ಲಬೇಕು. ಊಟವನ್ನು ಹಾಸಿಗೆಗೆ ತಂದುಕೊಡುವ ಬದಲು ರೋಗಿಯನ್ನೇ ಕುರ್ಚಿಗೆ ಕರೆತರಬೇಕು. ತಲೆ ಬಾಚಿಕೊಳ್ಳುವುದು, ಮುಖ ತೊಳೆಯುವುದು ಮುಂತಾದುವನ್ನು, ನಿಧಾನವಾದರೂ, ಅವರೇ ಮಾಡಿಕೊಳ್ಳಲಿ. ಇಂದು ಬಚ್ಚಲಮನೆಯವರೆಗೆ, ನಾಳೆ ನಡುಮನೆಯವರೆಗೆ, ನಾಡಿದ್ದು ಜಗಲಿಯವರೆಗೆ. ಅರ್ಧಬಲದಿಂದ ವ್ಯಾಯಾಮ ಮಾಡಬೇಕೆಂಬ ಸುಶ್ರುತನ ವಿಧಿಯು ಇಲ್ಲಿ ಒಳ್ಳೆಯ ಅಳತೆಗೋಲು. ಮಾತನಾಡಲು ಉಸಿರು ಸಾಲದಾದರೆ ಮಿತಿ ಮೀರಿತೆಂದು ತಿಳಿಯಬೇಕು. ಹಗಲಿನಲ್ಲಿ ಹೀಗೆ ಅಲ್ಪಸ್ವಲ್ಪ ದಣಿದ ದೇಹಕ್ಕೆ ರಾತ್ರಿಯ ನಿದ್ರೆಯೂ ತಾನಾಗಿ ಒದಗುತ್ತದೆ. ಮಾಂಸಖಂಡ ಮರಳಿ ಬೆಳೆಯಲು ಬೇಳೆ, ಹಾಲು, ಒಗ್ಗುವವರಿಗೆ ಮೊಟ್ಟೆ ಮೊದಲಾದ ಆಹಾರವೂ ಬೇಕು. ಬರಿಯ ಗಂಜಿಯ ಪಥ್ಯದಿಂದ ಕಾಲಿಗೆ ಕಸುವು ಬಾರದು.

ಆರೋಗ್ಯವಂತರಿಗೂ ಇದೇ ನ್ಯಾಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳವರೆಗೆ ಬಿರುಸಾದ ನಡಿಗೆಯಂಥ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಕಾಯಿಲೆಗೆ ಮುಂಚೆ ಕೂಡಿಟ್ಟ ಬಲವೇ ಕಾಯಿಲೆಯ ಕಾಲಕ್ಕೆ ಖರ್ಚಿಗೆ ಬರುವ ಹಣ.

“ಅಮ್ಮಾ, ನೀವು ಏಳಬೇಡಿ, ಎಲ್ಲವನ್ನೂ ನಾವೇ ಮಾಡುತ್ತೇವೆ” ಎನ್ನುವ ಮಗಳ ಪ್ರೀತಿಯು ದೊಡ್ಡದು. ಆದರೆ ಆ ತಾಯಿಯು ಮತ್ತೆ ತನ್ನ ಕಾಲಮೇಲೆ ನಿಂತು ತುಳಸಿಕಟ್ಟೆಗೆ ನೀರೆರೆಯಬೇಕೆಂದು ಮಗಳಿಗೆ ಆಸೆಯಿದ್ದರೆ, “ಏಳಿ ಅಮ್ಮಾ, ನಾನು ಕೈ ಹಿಡಿಯುತ್ತೇನೆ” ಎನ್ನುವುದನ್ನೂ ಆಕೆ ಕಲಿಯಬೇಕು. ಸಕಾಲದಲ್ಲಿ ಮಲಗಿಸುವುದೂ ಸಕಾಲದಲ್ಲಿ ಎಬ್ಬಿಸುವುದೂ ಸೇರಿಯೇ ಶುಶ್ರೂಷೆಯು ಪೂರ್ಣವಾಗುವುದು.